ಬ್ಯಾಡಗಿಗೊಬ್ಬಳು ಮಿಲೇನಾ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ನೀವು ಬೇರೆಯವರ ಬಾಯಿಂದ ಕೇಳುತ್ತೀರಿ, ನಮ್ಮ ಬ್ಯಾಡಗಿಯವರ ಬಾಯಿಂದ ಹೊರಟ ಮಾತಿಗೆ ಖಾರ ಕಡಿಮೆಯಾದದ್ದನ್ನು ನಾನಂತೂ ಕಂಡಿಲ್ಲ. ನಡೆದದ್ದಿಷ್ಟು: ನನ್ನ ಮಗಳಿಗೆ ಹೆಸರಿಡುವ ಮೂರು ದಿನ ಮೊದಲು, ಯಾರಿಗೂ ಹೇಳಬಾರದಾಗಿದ್ದ ಆ ಹೆಸರನ್ನು ನಾನು ಚಹಾದಂಗಡಿಯಲ್ಲಿ ನಿಂತು ಒಂಬತ್ತು ಜನರ ಧ್ವನಿಯಲ್ಲಿ ಕೂಗಿದೆ. ತೊಟ್ಟಿಲಲ್ಲಿ ಮಲಗಿದ್ದ ಕೂಸಿನ ಕಿವಿ ತಲುಪುವ ಮೊದಲು ಅದು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ಊರಿನ ಮೊಬೈಲು ತಲುಪಿತ್ತು.

ನನಗೆ ಎಲೆ-ಅಡಿಕೆಯ ಚಟವಿಲ್ಲ, ಇಸ್ಪೀಟಿನ ಚಟವಿಲ್ಲ. ಇರುವುದೊಂದೇ, ಮಂದಿಯ ಧ್ವನಿ ಕದಿಯುವುದು. ಯಾರಾದರೂ ಎರಡು ನಿಮಿಷ ಎದುರು ನಿಂತು ಮಾತಾಡಿದರೆ ಮೂರನೆಯ ನಿಮಿಷಕ್ಕೆ ಅವರು ನನ್ನ ಗಂಟಲೊಳಗೆ ಬಿಡಾರ ಹೂಡಿರುತ್ತಾರೆ. ರಾಣೇಬೆನ್ನೂರಿನ ಒಂದು ಬೀಜದ ಅಂಗಡಿಯಲ್ಲಿ ನನ್ನ ಕೆಲಸ; ದಿನಾ ಬ್ಯಾಡಗಿಯಿಂದ ಹೋಗಿ ಬರುತ್ತೇನೆ. ಅಂಗಡಿಯ ಮಾಲೀಕರು ಪ್ರತಿ ಮಾತಿನ ಮೊದಲು ಗಂಟಲು ಕೆರೆದು, ಕೊನೆಗೆ "ತಿಳೀತಿಲ್ಲೋ?" ಎನ್ನುವವರು. ಒಂದು ಮಧ್ಯಾಹ್ನ ಅವರಿಲ್ಲದಾಗ ಅಂಗಡಿಯ ಫೋನು ಹೊಡೆದುಕೊಂಡಿತು. ಸುಮ್ಮನಿರಲಾರದೆ ಗಂಟಲು ಕೆರೆದು "ಹಲೋ" ಎಂದೆ. ಆ ಕಡೆ ಅವರ ಹೆಂಡತಿ. ಹತ್ತು ನಿಮಿಷ ಬೈದರು. ತವರಿನ ಮದುವೆಗೆ ಬರಲಿಲ್ಲವೆಂದು, ಬಂದಿದ್ದರೂ ಮುಖ ಗಂಟು ಹಾಕಿಕೊಂಡೇ ಕೂರುತ್ತಿದ್ದಿರೆಂದು. ನಡುವೆ ಬಾಯಿ ಹಾಕಿ "ಅಕ್ಕಾರ, ನಾನ್ರಿ" ಎನ್ನುವ ಧೈರ್ಯ ನನಗೆ ಬರಲಿಲ್ಲ. ಕೊನೆಗೆ ಗಂಟಲು ಕೆರೆದು "ತಪ್ಪಾತು. ತಿಳೀತಿಲ್ಲೋ?" ಎಂದು ಮಾಲೀಕರ ಪರವಾಗಿ ಕ್ಷಮೆ ಬೇಡಿ ಫೋನಿಟ್ಟೆ. ಅಂದು ಸಂಜೆ ಮನೆಯಲ್ಲಿ ಅವರಿಗೆ ಕಾರಣವಿಲ್ಲದೆ ಹೋಳಿಗೆ ಬಿತ್ತಂತೆ. ಅದರ ಹಿಂದಿನ ಗಂಟಲು ಯಾವುದೆಂದು ಅವರಿಗಿನ್ನೂ ಗೊತ್ತಿಲ್ಲ.

ಇಂಥವನಿಗೆ ಮಗಳು ಹುಟ್ಟಿದಳು. ಚೊಚ್ಚಲ ಹೆರಿಗೆ, ಹೆಂಡತಿ ತವರಾದ ಅಗಡಿಯಲ್ಲಿದ್ದಳು. ಕೂಸು ನೋಡಲು ಹೋದಾಗ ಒಳಕೋಣೆಯಲ್ಲಿ ಆಕೆ ತಲೆ-ಕಿವಿಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಒಂದು ಕೈಯಲ್ಲಿ ಬಾಣಂತಿಗೆ ಕೊಡುವ ಅಂಟಿನ ಉಂಡಿ, ಇನ್ನೊಂದರಲ್ಲಿ ಮೊಬೈಲು ಹಿಡಿದು ಕೂತಿದ್ದಳು. ನಾನು ಬಸ್ಸಿನಲ್ಲಿ ನೆನಪಿಸಿಕೊಂಡು ಬಂದ ಹೆಸರುಗಳನ್ನು ಒಂದೊಂದಾಗಿ ಬಿಚ್ಚಿದೆ.

"ಶ್ರಾವಣಿ?"

"ಬ್ಯಾಡ. ಮ್ಯಾಲಿನ ಮನಿ ಟೀಚರು ತಮ್ಮ ಮಗಳನ್ನ ಕರಿಯೂದನ್ನ ನೀವು ಮಾಡಿ ತೋರಿಸೀರಿ. ಆ ಹೆಸರು ಈಗ ನನಗ ಮೂಗಿನ್ಯಾಗಿಂದನ ಕೇಳಸ್ತೈತಿ."

"ಐಶ್ವರ್ಯಾ?"

"ನಿಮ್ಮ ಗೆಳ್ಯಾನ ಹೆಂಡ್ತಿ. ಆಂವ ತೊದಲಿ ತೊದಲಿ ಆ ಹೆಸರು ಹೇಳಿ ಮುಗಸೂದ್ರಾಗ ಬಸ್ಸು ಹೋಗಿಬಿಡ್ತೈತಿ ಅಂತ ಮದಿವ್ಯಾಗ ಮಂದೀನ ನಗಸಿದವ್ರು ಯಾರು?"

"ಗೌರಿ? ದೇವರ ಹೆಸರು."

"ನಿಮ್ಮ ಸಣ್ಣವ್ವನ ಎಮ್ಮಿ."

ಖರೆ. ಗೌರಿ ಎಂಬ ಎಮ್ಮೆಯನ್ನೂ ಮಾಡುತ್ತೇನೆ, ಅದನ್ನು ಕರೆಯುವ ಸಣ್ಣವ್ವನನ್ನೂ ಮಾಡುತ್ತೇನೆ. ಕಣ್ಣು ಮುಚ್ಚಿ ಯಾವುದು ಯಾರೆಂದು ಗುರುತಿಸಿದವರಿಗೆ ಒಂದು ಚಹಾ. ಹೀಗೆ ನಾನು ಹೇಳುವುದು, ಆಕೆ ಆ ಹೆಸರಿಗೆ ನಾನೇ ಮಾಡಿದ ಗಾಯ ತೋರಿಸುವುದು. ಹದಿನಾಲ್ಕನೆಯ ಹೆಸರಿಗೆ ನನಗೆ ನನ್ನ ಸಾಧನೆಯ ವಿಸ್ತಾರ ತಿಳಿಯಿತು. ಸೀಮೆಯ ಹೆಣ್ಣುಮಕ್ಕಳ ಹೆಸರುಗಳೆಲ್ಲ ನನ್ನ ಬಾಯಲ್ಲಿ ಒಂದು ಸುತ್ತು ತಿರುಗಿ ಎಂಜಲಾಗಿ ಕೂತಿದ್ದವು.

"ನಿಮ್ಮ ಬಾಯಾಗ ಹೊಕ್ಕು ಬಂದಿರಲಾರದ್ದು ಒಂದರ ಹೇಳ್ರಿ," ಎಂದಳು. "ನನ್ನ ಮಗಳ ಹೆಸರು ಕೇಳಿ ಯಾರೂ ನಗಬಾರದು. ನನಗ ಬ್ಯಾರೆ ಏನೂ ಬ್ಯಾಡ."

ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಯಾಕೆಂದರೆ ಆಕೆಯ ಹೆಸರು ಸಾಕವ್ವ. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದ ಮನೆಗಳಲ್ಲಿ ನಮ್ಮವರು ದೇವರಿಗೆ ಬೇರೆ ಕಾಗದದ ಮೇಲೆ ಅರ್ಜಿ ಬರೆಯುವುದಿಲ್ಲ. ಕೂಸಿನ ಮೇಲೆಯೇ ಬರೆಯುತ್ತಾರೆ: ಸಾಕು, ಇನ್ನು ಹೆಣ್ಣು ಸಾಕು. ಆಕೆ ನಾಲ್ಕನೆಯವಳು. ಆಮೇಲೆ ತಮ್ಮ ಹುಟ್ಟಿದ. ಅರ್ಜಿ ಮಂಜೂರಾಯಿತೆಂದು ಎಲ್ಲರೂ ಹಿಗ್ಗಿದರು. ಅರ್ಜಿಯ ಕಾಗದ ಮಾತ್ರ ಶಾಲೆಗೆ ಹೋಗಬೇಕಾಯಿತು, ಹಾಜರಿ ಕೂಗಿದಾಗ ಎದ್ದು ನಿಂತು "ಯಸ್ ಸರ್" ಎನ್ನಬೇಕಾಯಿತು. ಮದುವೆಯಾದ ಹೊಸದರಲ್ಲಿ ನಾನೂ ಒಮ್ಮೆ, ನಮ್ಮ ಮಾವ ಹೊಲದ ಬದುವಿನ ಮೇಲೆ ನಿಂತು "ಸಾಕವ್ವೋ..." ಎಂದು ಕೂಗುವುದನ್ನು ನಮ್ಮ ಮನೆಯವರೆದುರು ಮಾಡಿ ತೋರಿಸಿದೆ. ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ಅಂದು ಎಲ್ಲರ ರೊಟ್ಟಿಗೂ ಎಣ್ಣೆಗಾಯಿ ಬಂತು, ನನ್ನದಕ್ಕೆ ಬರೀ ಖಾರಪುಡಿ.

ಎಂಜಲಾಗದ ಹೆಸರನ್ನು ಹುಡುಕಿದವಳು ಆಕೆಯೇ. ಕೂಸು ಮಲಗಿದಾಗ ಮೊಬೈಲಿನಲ್ಲಿ ಹುಡುಕುತ್ತ ಹುಡುಕುತ್ತ ಯಾವುದೋ ಪುಟಕ್ಕೆ ಹೋಗಿ ಬಿದ್ದಿದ್ದಾಳೆ: ಸ್ಲಾವಿಕ್ ಮೂಲದ ಹೆಸರುಗಳು. ಮರುದಿನ ಅಂಗಡಿಯಲ್ಲಿ ಸೌತೆ ಬೀಜ ತೂಗುತ್ತಿದ್ದವನಿಗೆ ಫೋನು ಬಂತು.

"ಸ್ಲಾವ್ ಅಂದ್ರ ಎಲ್ಲಿ ಬರ್ತೈತ್ರಿ?"

"ಹರಿಹರದ ಆಚೆ ಇರಬೇಕು," ಎಂದೆ. ಗೊತ್ತಿಲ್ಲದ ಊರುಗಳೆಲ್ಲ ನನಗೆ ಹರಿಹರದ ಆಚೆಯೇ.

ಆಮೇಲೆ ಓದಿಕೊಂಡೆ. ಓದತೊಡಗಿದರೆ ಇನ್ನೊಂದು ತೊಂದರೆ, ನಿಲ್ಲಿಸುವುದು ಬರುವುದಿಲ್ಲ. ಗಿರಾಕಿ ಬದನೆ ಬೀಜ ಕೇಳಿದರೆ "ಅಣ್ಣಾರ, ಪೋಲೆಂಡು, ರಷ್ಯಾ, ಸರ್ಬಿಯಾ, ಬಲ್ಗೇರಿಯಾ, ಇವರೆಲ್ಲ ಒಂದೇ ಭಾಷೆಯ ಬೀಗರು, ಗೊತ್ತೇನ್ರಿ?" ಎನ್ನುವ ಮಟ್ಟಕ್ಕೆ ಬಂದೆ. ಅಲ್ಲಿ ಬೊಗ್ದಾನ್ ಎಂಬ ಹೆಸರಿದೆ, ದೇವರು ಕೊಟ್ಟವನು ಎಂದು. ನಮ್ಮ ದೇವದತ್ತನಿಗೆ ಪ್ಯಾಂಟು ತೊಡಿಸಿದಂತೆ. ವೆಸ್ನಾ ಎಂದರೆ ವಸಂತ, ಆ ಹೆಸರೂ ನಮ್ಮ ವಸಂತಾಳಿಗೆ ದೂರದ ತಂಗಿಯಂತೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಇನ್ನೊಂದು. ದೃಷ್ಟಿಯಾಗಬಾರದೆಂದು ಅವರೂ ಹಿಂದೆ ಮಕ್ಕಳಿಗೆ ಹಗುರದ ಹೆಸರಿಡುತ್ತಿದ್ದರಂತೆ. ಚೆಲುವಿಲ್ಲದವನು ಎಂದೊಂದು ಹೆಸರು. ನಮ್ಮಲ್ಲಿ ಉಳಿಯಲೆಂದು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ, ತಿಪ್ಪವ್ವ ಎಂದಿಡುವುದಿಲ್ಲವೆ, ಹಾಗೆ. ಇನ್ನೊಂದು, ನೆಜ್ದಾನಾ. ಅರ್ಥ: ಯಾರೂ ಎದುರು ನೋಡದಿದ್ದವಳು.

ಅದನ್ನು ಹೆಂಡತಿಗೆ ಹೇಳಿದೆ.

"ಅಂದ್ರ ಅಲ್ಲೂ ಒಬ್ಬಾಕಿ ಸಾಕವ್ವ ಅದಾಳ," ಎಂದಳು. ಆಮೇಲೆ, "ಆ ಪುಟದಾಗ ಮಿಲೇನಾ ಅಂತ ಐತಿ ನೋಡ್ರಿ. ಮುದ್ದಿನಾಕಿ ಅಂತ ಅರ್ಥ. ಅದನ್ನ ಇಡೂಣು."

ಮಿಲೇನಾ. ನಮ್ಮ ಊರಲ್ಲಿ ಆ ಹೆಸರಿನ ಹೆಂಗಸಿಲ್ಲ, ಎಮ್ಮೆಯಿಲ್ಲ, ಗೆಳೆಯನ ಹೆಂಡತಿಯಿಲ್ಲ. ಅದನ್ನು ಯಾರೂ ಕೂಗಿಲ್ಲ, ಹಾಗಾಗಿ ನಾನೂ ಕೂಗಿಲ್ಲ. ಹೊಸ ಗಡಿಗೆಯಷ್ಟು ಸ್ವಚ್ಛ. ನನಗೂ ಹಿಡಿಸಿತು, ಪರದೇಶದ್ದೆಂಬ ಅಳುಕೂ ಬಹಳ ಹೊತ್ತು ಉಳಿಯಲಿಲ್ಲ. ಅಂಗಡಿಯಲ್ಲಿ ನೋಡುವುದಿಲ್ಲವೆ, ಬೀಜದ ಪೊಟ್ಟಣಕ್ಕೆ ಕಂಪನಿಯವರು ನಾಲಿಗೆ ತಿರುಚುವ ಇಂಗ್ಲಿಷ್ ಹೆಸರಿಟ್ಟು ಕಳಿಸುತ್ತಾರೆ, ರೈತರು ಅದನ್ನು "ಆ ಗಿಳಿ ಚಿತ್ರದ್ದು ಕೊಡ್ರಿ" ಎಂದು ಒಯ್ಯುತ್ತಾರೆ, ನಮ್ಮ ಮಣ್ಣಿಗೆ ಬಿದ್ದಮೇಲೆ ಬರುವುದು ಬದನೆಕಾಯಿಯೇ. ಅಷ್ಟೇಕೆ, ಹಡಗು ಹತ್ತಿ ಯಾವುದೋ ದೇಶದಿಂದ ಬಂದ ಮೆಣಸಿನಕಾಯಿಗೆ ನಮ್ಮೂರ ಹೆಸರಿಟ್ಟು ಬ್ಯಾಡಗಿ ಮೆಣಸಿನಕಾಯಿ ಎಂದು ಲೋಕಕ್ಕೆಲ್ಲ ಹಂಚಿದವರು ನಾವು. ಅವರ ಕಾಯಿಗೆ ನಮ್ಮ ಹೆಸರು, ನಮ್ಮ ಕೂಸಿಗೆ ಅವರ ಹೆಸರು. ಮುಯ್ಯಿಗೆ ಮುಯ್ಯಿ.

ಆದರೆ ಹೆಸರು ಆರಿಸಿದವರೇ ಇಡುವಂತಿಲ್ಲ. ಅದು ಸೋದರತ್ತೆಯ ಹಕ್ಕು. ತೊಟ್ಟಿಲಲ್ಲಿ ಹಾಕುವ ದಿನ ತಂದೆಯ ಅಕ್ಕನೋ ತಂಗಿಯೋ ಬಾಗಿ, ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಊದಿ ಹೆಸರು ಹೇಳಬೇಕು. ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ಜೋರಾದಷ್ಟೂ ಶುಭ. ಹಳೆಯ ಜಗಳಗಳನ್ನು ತೀರಿಸಿಕೊಳ್ಳಲು ಇದಕ್ಕಿಂತ ಪವಿತ್ರ ಸಂದರ್ಭ ಇನ್ನೊಂದಿಲ್ಲ. ಹೆಸರು ಮೊದಲು ಮುಟ್ಟಬೇಕಾದದ್ದು ಕೂಸಿನ ಕಿವಿಯನ್ನು. ಅಲ್ಲಿಯತನಕ ಹೊರಗೆ ಬಾಯಿ ಬಿಡುವಂತಿಲ್ಲ.

ರಾಣೇಬೆನ್ನೂರಿನಲ್ಲಿ ಕೊಟ್ಟಿರುವ ನನ್ನ ಅಕ್ಕನಿಗೆ ಮಾತ್ರ ಹೇಳಿದೆವು. "ಇದೇನಲೇ ತಮ್ಮಾ, ಟಾನಿಕ್ ಬಾಟ್ಲಿ ಹೆಸರು ಇದ್ದಂಗ ಐತಲ್ಲೋ!" ಎಂದು ಗುರ್ರೆಂದಳು. ಮುದ್ದಿನವಳು ಎಂಬ ಅರ್ಥ ಕೇಳಿದ ಮೇಲೆ ಮೆತ್ತಗಾದಳು. ಅಂದಿನಿಂದ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕುಕ್ಕರಿಗೆ ಬಾಗಿ "ಕುರ್ರ್, ಮಿಲೇನಾ" ಎಂದು ತಾಲೀಮು ನಡೆಸಿದಳು. ಕುಕ್ಕರ್ ಸೀಟಿ ಹೊಡೆದು ಒಪ್ಪಿಗೆ ಕೊಡುತ್ತಿತ್ತಂತೆ.

ನನಗೆ ಹೆಂಡತಿ ಹಾಕಿದ ಷರತ್ತು ಒಂದೇ. "ಸೋಮವಾರ ತೊಟ್ಟಿಲು. ಅಲ್ಲೀಮಟ ಆ ಹೆಸರಿಗೆ ಯಾರ ಧ್ವನೀನೂ ಹಚ್ಚಬ್ಯಾಡ್ರಿ. ನನ್ನ ಆಣಿ ಅಂತ ತಿಳ್ಕೊಳ್ರಿ."

ಒಂದು ವಾರ. ನಿಮಗೆ ಅದು ಬರೀ ಏಳು ದಿನ. ತುಟಿಯ ಮೇಲೆ ಏಳು ದಿನ ಇರುವೆ ಹರಿದಾಡಲು ಬಿಟ್ಟು ಕೈ ಕಟ್ಟಿ ಕೂರಿ, ಆಗ ಗೊತ್ತಾಗುತ್ತದೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ, ಬಾಗಿಲ ಬಳಿ ನಿಂತೆ. ನಿಂತರೆ ಕಂಡಕ್ಟರ್ ಕೂಗುವುದು ಕಿವಿಗೆ ಬೀಳುತ್ತಿತ್ತು, ಅವನು ಮೋಟೆಬೆನ್ನೂರು ಎಂದು ಎಳೆಯುವ ರಾಗದಲ್ಲಿ ಮಿಲೇನಾ ಎಂದು ಎಳೆದರೆ ಹೇಗಿರುತ್ತದೆ ಎಂದು ಗಂಟಲು ತಾನಾಗಿ ಅಳತೆ ತೆಗೆಯುತ್ತಿತ್ತು. ನೀರು ಕುಡಿದು ಒಳಗೆ ತಳ್ಳಿದೆ. ಅಂಗಡಿಯಲ್ಲಿ ಸೌತೆ ಕೇಳಿದವರಿಗೆ ಹೀರೇಬೀಜ ಕೊಟ್ಟೆ. ಮಾಲೀಕರು ಗಂಟಲು ಕೆರೆದಾಗಲೆಲ್ಲ ನನಗೆ "ಮಿಲೇನಾ, ತಿಳೀತಿಲ್ಲೋ?" ಎಂದೇ ಕೇಳಿಸುತ್ತಿತ್ತು. ಮನೆಗೆ ಬಂದರೆ ಪಕ್ಕದ ಮನೆಯ ಖಾಲಾ ಮೊಮ್ಮಕ್ಕಳನ್ನು ಕರೆಯುವ ಧ್ವನಿ. ಅದಕ್ಕೂ ಹೆಸರು ತಾನೇ ಹೋಗಿ ಹೊಂದಿಕೊಳ್ಳುತ್ತಿತ್ತು. ಊರಿಡೀ ನನ್ನ ಮಗಳನ್ನು ಕರೆಯುತ್ತಿತ್ತು, ಊರಿಗೆ ಅದು ಗೊತ್ತಿರಲಿಲ್ಲ. ನಾನು ಮಾತ್ರ ಕೇಳಿಸಿಕೊಳ್ಳುತ್ತ ಒಳಗೊಳಗೆ ಕುದಿಯುತ್ತಿದ್ದೆ.

ಶುಕ್ರವಾರ ಸಂಜೆ ತಡೆ ಮುರಿಯಿತು. ಮೆಣಸಿನಕಾಯಿಯ ಘಾಟಿಗೆ ಪೇಟೆಯೆಲ್ಲ ಸೀನುತ್ತಿದ್ದ ಹೊತ್ತು. ಚಹಾದಂಗಡಿಯಲ್ಲಿ ಮೊಬೈಲ್ ರಿಪೇರಿಯ ಇಸ್ಮಾಯಿಲ್ ಸಿಕ್ಕ. "ಹೆಸರೇನಿಡ್ತೀಯೋ?" ಎಂದ. ಹೇಳುವಂತಿಲ್ಲ ಎಂದೆ. "ಹೇಳಾಕ ಸಿಕ್ಕಿದ್ರ ಅಲ್ಲ ಹೇಳೂದು! ಊರಿನ ಹೆಸರೆಲ್ಲಾ ನೀನ ಹಾಳ ಮಾಡಿ ಕುಂತೀದಿ, ಮಗಳಿಗೆ ನಂಬರ್ ಹಾಕು," ಎಂದ.

ಆ ಮಾತಿಗೆ ಅಣೆಕಟ್ಟು ಒಡೆಯಿತು. ಎದ್ದು ನಿಂತೆ. ನಮ್ಮ ಅವ್ವ ಹೇಗೆ ಕರೆಯುತ್ತಾಳೆ, ಸಣ್ಣವ್ವ ಎಮ್ಮೆ ಕರೆಯುವ ಧಾಟಿಯಲ್ಲಿ ಹೇಗೆ "ಮಿಲ್ಲೀ, ಬಾ ಬಾ ಬಾ" ಎನ್ನುತ್ತಾಳೆ, ಮಾಲೀಕರು, ಹಾಜರಿ ಕೂಗುವ ಮಾಸ್ತರು, ಖಾಲಾ "ಅರೇ ಮಿಲೇನಾ, ಇಧರ್ ಆ, ಬಿಸ್ಕೂಟ್ ಖಾ", ಮೆಣಸಿನಕಾಯಿ ದಲಾಲಿ ನಡುನಡುವೆ ಸೀನುತ್ತ, ಕಂಡಕ್ಟರ್ "ಮಿಲೇನಾ ಮಿಲೇನಾ, ಯಾರ್ರೀ ಇಳಿಯೋರು" ಎಂದು, ಒಬ್ಬೊಬ್ಬರನ್ನಾಗಿ ಮಾಡಿ ತೋರಿಸಿದೆ. ಎಂಟನೆಯವರಾಗಿ ನಮ್ಮ ಮಾವ ಬದುವಿನ ಮೇಲಿಂದ: "ಸಾಕವ್ವೋ, ಮಿಲೇನಾನ ಕರಕೊಂಡ ಬಾರವ್ವೋ!" ಒಂಬತ್ತನೆಯದು ನನ್ನದೇ ಧ್ವನಿ. ಅದು ಯಾರದೆಂದು ಯಾರಿಗೂ ಗೊತ್ತಾಗಲಿಲ್ಲ. "ಇದು ಸರಿ ಆಗಲಿಲ್ಲ ಬಿಡು, ಯಾರನ್ನ ಮಾಡೀದಿ?" ಎಂದು ಕೇಳಿದರು. ಮಂದಿಯ ಧ್ವನಿ ಕದ್ದವನಿಗೆ ಸ್ವಂತದ್ದು ಉಳಿಯುವುದಿಲ್ಲವೆಂದು ತೋರುತ್ತದೆ. ಆದರೆ ಆ ವೇದಾಂತಕ್ಕೆ ಆಗ ಸಮಯವಿರಲಿಲ್ಲ, ಅಂಗಡಿ ಬಿದ್ದು ಬಿದ್ದು ನಗುತ್ತಿತ್ತು. ಇಸ್ಮಾಯಿಲ್ ಮೊಬೈಲು ಹಿಡಿದೇ ಇದ್ದ. ಅವನದು ತಪ್ಪಲ್ಲ, ನಾನು ಬಾಯಿ ತೆರೆದಾಗ ಅವನು ಮೊಬೈಲು ತೆಗೆದು ವಿಡಿಯೊ ಮಾಡಿ ಮಂದಿಗೆ ಕಳಿಸುವುದು ವರ್ಷಗಳ ಪದ್ಧತಿ.

ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದರೆ ಕಂಡಕ್ಟರ್ ಟಿಕೆಟ್ ಕೊಡುವ ಮೊದಲು ಕೇಳಿದ: "ಮಿಲೇನಾರ ಅಪ್ಪಾರ, ನಾ ಅಷ್ಟು ಎಳೀತೀನೇನ್ರಿ?" ಕೆಳಗಿಳಿಯುವ ಹೆಂಗಸೊಬ್ಬಳು ಅವನದೇ ರಾಗದಲ್ಲಿ "ಮಿಲೇನಾ ಮಿಲೇನಾ" ಎನ್ನುತ್ತ ಇಳಿದಳು. ಸಣ್ಣವ್ವ ಫೋನು ಮಾಡಿ, ಎಮ್ಮೆ ಕರೆಯುವಾಗ ತಾನು ಮೊದಲು ನಾಲಿಗೆ ಲೊಚಗುಟ್ಟುತ್ತೇನೆ, ಅದನ್ನು ಬಿಟ್ಟಿದ್ದೀಯ ಎಂದು ತಿದ್ದುಪಡಿ ಸೂಚಿಸಿದಳು. ಖಾಲಾ ಗೋಡೆಯಾಚೆಯಿಂದಲೇ ಹೆಸರು ಹಿಡಿದು ಕೇಳಿದರು, ಮಿಲೇನಾ ಊರಿಗೆ ಯಾವಾಗ ಬರುತ್ತಾಳೆ ಎಂದು. ಮಾಲೀಕರು ಮಾತ್ರ ಆ ದಿನವಿಡೀ ಗಂಟಲು ಕೆರೆಯದೆ ಮಾತಾಡಲು ಹೋಗಿ ನೀಲಿಗಟ್ಟಿದರು. ಎರಡೇ ದಿನಗಳಲ್ಲಿ ಆ ಪರದೇಶಿ ಹೆಸರು ಯಾರ ನಾಲಿಗೆಗೂ ಅಂಟದೆ ಉಳಿಯಲಿಲ್ಲ.

ಹೆಂಡತಿಗೆ ಹತ್ತು ಸಲ ಫೋನು ಮಾಡಿದೆ. ಎತ್ತಲಿಲ್ಲ. ಅವಳ ಮೊಬೈಲಿಗೆ ಯಾರೋ ಆ ವಿಡಿಯೊ ಕಳಿಸಿದ್ದಾರೆಂದೂ, ಅವಳು ನೋಡಿದ್ದಾಳೆಂದೂ ಅವಳ ತಮ್ಮ ತಿಳಿಸಿದ. ಏನಂದಳು ಎಂದೆ. "ಏನೂ ಅಂದಿಲ್ರಿ ಮಾಮಾ, ಕೂಸಿಗೆ ಎಣ್ಣಿ ಹಚ್ಚಾಕತ್ತಾಳ," ಎಂದ. ಬೈದಿದ್ದರೆ ಆ ಧ್ವನಿಯನ್ನಾದರೂ ಹಿಡಿದು ಧೈರ್ಯ ತಂದುಕೊಳ್ಳುತ್ತಿದ್ದೆ. ಮೌನವನ್ನು ಮಿಮಿಕ್ರಿ ಮಾಡುವುದು ನನಗೆ ಬರುವುದಿಲ್ಲ. ಭಾನುವಾರವೆಲ್ಲ ಮನೆಯ ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ತಿರುಗಿದೆ. ಹೊಸ ಹೆಸರುಗಳನ್ನು ಹುಡುಕಿ ಹುಡುಕಿ ಟೊಮ್ಯಾಟೊ ಬೀಜದ ಖಾಲಿ ಪೊಟ್ಟಣದ ಹಿಂದೆ ಬರೆದೆ: ವೆಸ್ನಾ, ಜೋರಾ, ದಾನಿತ್ಸಾ. ಒಂದನ್ನೂ ಜೋರಾಗಿ ಓದಲಿಲ್ಲ. ಬಾಯಿಗೆ ಬಿದ್ದರೆ ಕೆಟ್ಟವೆಂದು ಹಲ್ಲು ಕಚ್ಚಿಕೊಂಡು ಬರೆದೆ.

ಸೋಮವಾರ ಹಾವೇರಿಯಲ್ಲಿ ಬಸ್ಸು ಬದಲಿಸಿ ಅಗಡಿ ತಲುಪಿದಾಗ ಅಂಗಳ ತುಂಬ ಚಪ್ಪಲಿಗಳಿದ್ದವು. ಒಳಗೆ ಗುಗ್ಗರಿ ಬೆಂದಿತ್ತು, ತೊಟ್ಟಿಲಿಗೆ ಹೂ ಕಟ್ಟಿತ್ತು. ತೊಟ್ಟಿಲ ಪಕ್ಕದಲ್ಲಿ ಅಕ್ಕ ಬೆನ್ನು ತಿರುಗಿಸಿ ಕೂತಿದ್ದಳು. ನನ್ನನ್ನು ಕಂಡದ್ದೇ ಎದ್ದಳು.

"ಬಂದ್ಯಾ, ಒಂಬತ್ತು ಬಾಯವನ? ಕೂಸಿನ ಕಿವೀಗೆ ನಾ ಹೇಳೂಕಿಂತ ಮೊದಲ ಸಂತ್ಯಾಗ ಹೇಳಿ ಬಂದಿ. ಎಂಜಲ ಹೆಸರು ನಾ ಹೇಳಂಗಿಲ್ಲ. ಒಂದು ವಾರ ಕುಕ್ಕರ ಮುಂದ ನಿಂತು ಕಲ್ತೀನಿ, ಮೂಳಾ!"

ಸುತ್ತಲಿನ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಒಬ್ಬಳು ತಡೆಯಲಾರದೆ ನಮ್ಮ ಮಾವನ ರಾಗದಲ್ಲಿ "ಮಿಲೇನಾನ ಕರಕೊಂಡ ಬಾರವ್ವೋ" ಎಂದುಬಿಟ್ಟಳು. ಕೋಣೆಯೆಲ್ಲ ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಮಾವ ನಕ್ಕರು, ಬಾಗಿಲ ಚೌಕಟ್ಟು ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು. ನಗದವರು ಇಬ್ಬರೇ, ನಾನು ಮತ್ತು ಸಾಕವ್ವ. ಆಕೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು, ಕೊನೆಗೆ ಅಪ್ಪನ ಮುಖ.

ನಾನು ಅವಳೆದುರು ಕುಕ್ಕರಗಾಲಲ್ಲಿ ಕೂತೆ. ತಪ್ಪಾತು ಎಂದೆ. ಯಾರ ಧ್ವನಿಯಲ್ಲಿ ಬಂತೋ ನನಗೂ ತಿಳಿಯಲಿಲ್ಲ. ಪೊಟ್ಟಣ ಮುಂದೆ ಹಿಡಿದು, "ಬ್ಯಾರೆ ಹೆಸರು ಬರಕೊಂಡ ಬಂದೇನಿ. ಇವನ್ನ ಯಾರಿಗೂ ಹೇಳಿಲ್ಲ. ಇವನ್ನ ಕೇಳಿ ಒಬ್ಬರೂ ನಕ್ಕಿಲ್ಲ," ಎಂದೆ.

ಆಕೆ ಪೊಟ್ಟಣ ಮುಟ್ಟಲಿಲ್ಲ. ಕೂಸನ್ನು ಎತ್ತಿ ಅಕ್ಕನ ಕೈಗೆ ಕೊಟ್ಟು ಹೇಳಿದಳು:

"ನನಗ ಹೆಸರಿಟ್ಟ ದಿನ ಈ ಮನ್ಯಾಗ ಒಬ್ಬರೂ ನಕ್ಕಿರಲಿಲ್ಲಂತ. ಇಕಿಗೆ ಹೆಸರಿಡೂದ್ರಾಗ ಮೂರೂರು ನಕ್ಕೈತಿ, ನಮ್ಮಪ್ಪನೂ ನಕ್ಕಾನ. ಅದನ್ನ ಹೇಳ್ರಿ ಅಕ್ಕಾರ, ಮಿಲೇನಾ ಅಂತನ ಹೇಳ್ರಿ."